ಪ್ರೇರಣೆಯೋ ಕಲಬೆರಕೆಯೋ: ತುಂಗಭದ್ರಾ ದಂಡೆಯ ತೊಗಲುಗೊಂಬೆ ಚಿತ್ರಕಾರರು, ಸಂಗೀತ ಮತ್ತು ಸಿನಿಮಾ

೧. ಪ್ರಶ್ನೆಯ ಸ್ವರೂಪ

ಚಿತ್ರಕಾರನೊಬ್ಬ ಸಂಗೀತವನ್ನು ಕೇಳಿ, ಸಿನಿಮಾವನ್ನು ನೋಡಿ ಅವುಗಳಿಂದ ತನ್ನ ಚಿತ್ರಕ್ಕೆ ಬೇಕಾದುದನ್ನು ಪಡೆದುಕೊಂಡರೆ ಆಧುನಿಕ ಕಲಾವಿಮರ್ಶೆ ಅದನ್ನು ‘ಪ್ರೇರಣೆ’ ಎಂದು ಕರೆಯುತ್ತದೆ. ಡಚ್ ಚಿತ್ರಕಾರ ಪೀಟ್ ಮಾಂಡ್ರಿಯನ್ ೧೯೪೦ರಲ್ಲಿ ನ್ಯೂಯಾರ್ಕಿಗೆ ಬಂದು, ಅಲ್ಲಿ ಕೇಳಿದ ಬೂಗಿವೂಗಿ ಸಂಗೀತದ ಲಯಕ್ಕೆ ಮನಸೋತು ೧೯೪೨-೪೩ರಲ್ಲಿ ‘ಬ್ರಾಡ್‌ವೇ ಬೂಗಿವೂಗಿ’ ಎಂಬ ಚಿತ್ರವನ್ನು ರಚಿಸಿದ. ಅಲ್ಲಿಯವರೆಗೆ ಅವನ ಚಿತ್ರಗಳಲ್ಲಿ ನೇರವಾಗಿ, ನಿಶ್ಚಲವಾಗಿ ನಿಂತಿದ್ದ ಕಪ್ಪು ಗೆರೆಗಳು ಇಲ್ಲಿ ಕರಗಿ, ಹಳದಿ, ಕೆಂಪು, ನೀಲಿಯ ಸಣ್ಣ ಚೌಕಗಳಾಗಿ ಮಿಡಿಯತೊಡಗಿದವು. ಫ್ರಾನ್ಸಿನ ಹೆನ್ರಿ ಮಾತೀಸ್ ೧೯೪೭ರಲ್ಲಿ ಪ್ರಕಟಿಸಿದ ೨೦ ಚಿತ್ರಗಳ ಸಂಪುಟಕ್ಕೆ ‘ಜಾಝ್’ ಎಂದು ಹೆಸರಿಟ್ಟ. ಬಣ್ಣ ಬಳಿದ ಕಾಗದವನ್ನು ಕತ್ತರಿಯಿಂದ ಕತ್ತರಿಸಿ ಜೋಡಿಸಿದ ಆ ಚಿತ್ರಗಳಲ್ಲಿ ಸರ್ಕಸ್ಸಿನ ಆಟಗಾರರಿದ್ದಾರೆ, ಜನಪದ ಕಥೆಗಳ ನೆನಪುಗಳಿವೆ. ಅಮೆರಿಕದ ಎಡ್ವರ್ಡ್ ಹಾಪರ್ ೧೯೩೯ರಲ್ಲಿ ಬರೆದ ‘ನ್ಯೂಯಾರ್ಕ್ ಮೂವಿ’ಯಲ್ಲಿ ಸಿನಿಮಾ ಮಂದಿರದ ಅರೆಗತ್ತಲೆಯೇ ಚಿತ್ರದ ವಸ್ತುವಾಯಿತು. ಈ ಮೂವರನ್ನೂ ವಿಮರ್ಶಕರು ತಮ್ಮ ಕಾಲಕ್ಕೆ ಎಚ್ಚೆತ್ತು ಸ್ಪಂದಿಸಿದವರೆಂದು ಕೊಂಡಾಡಿದ್ದಾರೆ. ಅದು ಸರಿಯೂ ಹೌದು.

ಇದೇ ಕೆಲಸವನ್ನು ನಮ್ಮ ತೊಗಲುಗೊಂಬೆಯ ಚಿತ್ರಕಾರ ಮಾಡಿದಾಗ ಬಳಕೆಯಾಗುವ ಮಾತು ಬೇರೆ. ಟೂರಿಂಗ್ ಟಾಕೀಸಿನ ಪರದೆಯಿಂದ ಒಂದು ಕಿರೀಟದ ವಿನ್ಯಾಸವನ್ನು, ನಾಟಕ ಕಂಪನಿಯ ಹಾರ್ಮೋನಿಯಮ್ಮಿನಿಂದ ಒಂದು ಮಟ್ಟನ್ನು ಅವನು ತಂದುಕೊಂಡರೆ ನಮ್ಮ ಕ್ಷೇತ್ರ ವರದಿಗಳು ಅದನ್ನು ‘ಪ್ರಭಾವ’, ‘ಕಲಬೆರಕೆ’, ‘ಅವನತಿ’ ಎಂದು ದಾಖಲಿಸುತ್ತವೆ. ನಗರದ ಚಿತ್ರಕಾರನಿಗೆ ಕಾಲದೊಡನೆ ಸಂವಾದ ನಡೆಸುವ ಹಕ್ಕಿದೆ. ಜನಪದ ಚಿತ್ರಕಾರನಿಗೆ ಕಾಲದಾಚೆ ಉಳಿಯುವ ಕರ್ತವ್ಯ ಮಾತ್ರವಿದೆ ಎಂಬ ಗೃಹೀತ ಈ ಪದಬಳಕೆಯ ಹಿಂದಿದೆ. ಈ ಗೃಹೀತವನ್ನು ಪ್ರಶ್ನಿಸಿ, ಇಬ್ಬರಿಗೂ ಅನ್ವಯಿಸಬಹುದಾದ ಒಂದೇ ಅಳತೆಗೋಲನ್ನು ಹುಡುಕುವುದು ಪ್ರಸ್ತುತ ಲೇಖನದ ಉದ್ದೇಶ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಪರಿಸರವನ್ನೂ ಅದಕ್ಕೆ ಹೊಂದಿಕೊಂಡ ಬಳ್ಳಾರಿ, ಕೊಪ್ಪಳ ಸೀಮೆಯನ್ನೂ ಇಲ್ಲಿ ಆಧಾರವಾಗಿ ಇಟ್ಟುಕೊಳ್ಳಲಾಗಿದೆ.

೨. ಪ್ರದೇಶ ಮತ್ತು ಸಮುದಾಯ

ತುಂಗಭದ್ರೆಯ ಎರಡೂ ದಂಡೆಗಳಲ್ಲಿ ಹರಡಿರುವ ಈ ಸೀಮೆ ಆಡಳಿತದ ದೃಷ್ಟಿಯಿಂದ ಹಲವು ಬಾರಿ ಒಡೆದು ಕೂಡಿದೆ. ೨೦೨೧ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ಬಳಿಕ ಹೊಸಪೇಟೆ ಮತ್ತು ಹಂಪಿ ಆ ಜಿಲ್ಲೆಗೆ ಸೇರಿದವು; ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು; ಹೊಳೆಯ ಆಚೆ ಕೊಪ್ಪಳ ಜಿಲ್ಲೆಯಿದೆ. ಆದರೆ ಕಲೆಯ ನಕಾಶೆ ಜಿಲ್ಲೆಗಳ ನಕಾಶೆಯನ್ನು ಅನುಸರಿಸುವುದಿಲ್ಲ. ಕನ್ನಡ ಮತ್ತು ತೆಲುಗು ಒಂದೇ ಬಾಯಲ್ಲಿ ಬೆರೆಯುವ ಇಲ್ಲಿ ದೊಡ್ಡಾಟ, ಬುರ್ರಕಥೆ, ಕಂಪನಿ ನಾಟಕ ಮತ್ತು ತೊಗಲುಗೊಂಬೆಯಾಟ ಒಂದರ ಮಗ್ಗುಲಲ್ಲಿ ಮತ್ತೊಂದು ಬೆಳೆದಿವೆ.

ಗೊಂಬೆಯಾಟವನ್ನು ಕುಲಕಸುಬಾಗಿ ಉಳ್ಳವರು ಕಿಳ್ಳೇಕ್ಯಾತರು. ಶಿಳ್ಳೇಕ್ಯಾತ, ಸಿಳ್ಳೇಕ್ಯಾತ, ಕಟಬು, ಗೊಂಬೆರಾಮ ಎಂಬ ಹೆಸರುಗಳೂ ಇವರಿಗೆ ಪ್ರದೇಶಕ್ಕೆ ತಕ್ಕಂತೆ ಸಲ್ಲುತ್ತವೆ. ಮನೆಯಲ್ಲಿ ಮರಾಠಿಗೆ ಹತ್ತಿರದ ಮಾತು, ಪರದೆಯ ಹಿಂದೆ ಕನ್ನಡ ಅಥವಾ ತೆಲುಗು. ಹೊಳೆ ಕೆರೆಗಳಲ್ಲಿ ಮೀನು ಹಿಡಿಯುವುದು ಹೊಟ್ಟೆಪಾಡು, ರಾತ್ರಿ ಆಟ ಆಡಿಸುವುದು ಕುಲಧರ್ಮ. ಮೇಳವೆಂದರೆ ಸಾಮಾನ್ಯವಾಗಿ ಒಂದು ಕುಟುಂಬ. ಗಂಡಸರು ಗೊಂಬೆ ಹಿಡಿದರೆ ಹೆಂಗಸರು ಹಾಡಿ ಸ್ತ್ರೀಪಾತ್ರಗಳಿಗೆ ದನಿ ಕೊಡುತ್ತಾರೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ೨೦೨೫ರಲ್ಲಿ, ತೊಂಬತ್ತಾರರ ವಯಸ್ಸಿನಲ್ಲಿ, ಪದ್ಮಶ್ರೀ ಪ್ರಶಸ್ತಿ ಬಂದಾಗ ನಾಡಿನ ಗಮನ ಈ ಸಮುದಾಯದತ್ತ ಹರಿಯಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಜಾನಪದ ಅಧ್ಯಯನ ಈ ಕಲೆಯ ಕಥೆಯನ್ನು, ಹಾಡಿನ ಪಠ್ಯವನ್ನು, ಮಳೆ ಬಾರದಾಗ ಆಟ ಆಡಿಸುವಂಥ ಆಚರಣೆಯನ್ನು ಶ್ರದ್ಧೆಯಿಂದ ಸಂಗ್ರಹಿಸಿದೆ. ಆದರೆ ಗೊಂಬೆಯನ್ನು ಚಿತ್ರವಾಗಿ ನೋಡಿದವರು ಕಡಿಮೆ. ಕರ್ನಾಟಕ ಚಿತ್ರಕಲಾ ಪರಿಷತ್ತಿನ ಎಂ.ಎಸ್. ನಂಜುಂಡರಾವ್ ಅವರು ಗೊಂಬೆಗಳನ್ನು ಸಂಗ್ರಹಿಸಿ ಬರೆದದ್ದು, ಎಸ್.ಎ. ಕೃಷ್ಣಯ್ಯ ಅವರು ನಾಡಿನ ಗೊಂಬೆಯಾಟಗಳ ಬಗ್ಗೆ ನಡೆಸಿದ ಅಧ್ಯಯನ ಈ ದಿಕ್ಕಿನ ಮುಖ್ಯ ಪ್ರಯತ್ನಗಳು. ಅವನ್ನು ಬಿಟ್ಟರೆ, ಗೊಂಬೆ ಬರೆದವನನ್ನು ‘ಚಿತ್ರಕಾರ’ ಎಂದು ಕರೆಯುವ ರೂಢಿಯೇ ನಮ್ಮಲ್ಲಿ ಬೆಳೆದಿಲ್ಲ. ಅವನು ‘ಗೊಂಬೆ ಮಾಡುವವನು’ ಮಾತ್ರ.

೩. ಬೆಳಕಿನ ವ್ಯಾಕರಣ

ಗೊಂಬೆಯ ಚಿತ್ರವನ್ನು ವಿಮರ್ಶಿಸಬೇಕಾದರೆ ಅದು ಹುಟ್ಟುವ ಬಗೆಯನ್ನು ಅರಿಯಬೇಕು. ಹಿಂದೆ ದೇವತೆಗಳ ಗೊಂಬೆಗೆ ಜಿಂಕೆಯ ತೊಗಲನ್ನು ಶ್ರೇಷ್ಠವೆಂದು ಬಳಸುತ್ತಿದ್ದರು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬಳಿಕ ಅದಕ್ಕೆ ಅವಕಾಶವಿಲ್ಲ. ಮೇಕೆಯ ತೊಗಲೇ ಆಧಾರ. ತೊಗಲನ್ನು ನೆನೆಸಿ, ಕೂದಲು ಹೆರೆದು, ಎಳೆದು ಕಟ್ಟಿ ಒಣಗಿಸಿದಾಗ ಅದು ಬೆಳಕನ್ನು ಒಳಬಿಡುವಷ್ಟು ತೆಳುವಾಗುತ್ತದೆ. ಅದರ ಮೇಲೆ ರೇಖೆ ಬಿಡಿಸಿ, ಉಳಿಗಳಿಂದ ರಂಧ್ರ ಹೊಡೆದು, ಎರಡೂ ಬದಿಗೆ ಬಣ್ಣ ಹಚ್ಚಿ, ಬಿದಿರ ಸೀಳಿಗೆ ಕಟ್ಟಿದರೆ ಗೊಂಬೆ ಸಿದ್ಧವಾಗುತ್ತದೆ. ಆಟದಲ್ಲಿ ಅದನ್ನು ಬಿಳಿಯ ಪರದೆಗೆ ಒತ್ತಿ ಹಿಡಿಯುತ್ತಾರೆ, ಹಿಂದೆ ದೀಪವಿರುತ್ತದೆ. ನೋಡುಗನಿಗೆ ಕಾಣುವುದು ಕಪ್ಪು ನೆರಳಲ್ಲ. ಬೆಳಕು ತೊಗಲಿನೊಳಗಿಂದ ಹಾದು ತರುವ ಬಣ್ಣ.

ಇಷ್ಟರಿಂದಲೇ ಈ ಚಿತ್ರಕಲೆಯ ವ್ಯಾಕರಣ ನಿರ್ಧಾರವಾಗುತ್ತದೆ. ಬಣ್ಣ ಪಾರದರ್ಶಕವಾಗಿರಬೇಕು. ದಪ್ಪ ಬಣ್ಣ ಕೈಯಲ್ಲಿ ಹಿಡಿದಾಗ ಎಷ್ಟೇ ಚೆಂದ ಕಂಡರೂ ದೀಪದ ಮುಂದೆ ಕಪ್ಪಾಗುತ್ತದೆ. ಕಾಗದದ ಮೇಲೆ ಬರೆಯುವವನು ಹೊಳಪನ್ನು ತೋರಿಸಲು ಬಿಳಿಯನ್ನೋ ಹಳದಿಯನ್ನೋ ಸೇರಿಸುತ್ತಾನೆ. ಗೊಂಬೆಯ ಚಿತ್ರಕಾರ ಹೊಳಪಿಗಾಗಿ ತೊಗಲನ್ನೇ ತೆಗೆದುಹಾಕುತ್ತಾನೆ. ಕಿರೀಟದ ರತ್ನ, ಕೊರಳ ಸರ, ಸೀರೆಯ ಅಂಚಿನ ಚುಕ್ಕಿ ಇವೆಲ್ಲ ರಂಧ್ರಗಳು. ಎಣ್ಣೆಯ ದೀಪ ಗಾಳಿಗೆ ಅಲುಗಿದರೆ ಆ ರಂಧ್ರಗಳು ಮಿನುಗುತ್ತವೆ. ಪೆಟ್ರೊಮ್ಯಾಕ್ಸ್, ಆಮೇಲೆ ವಿದ್ಯುತ್ ಬಲ್ಬು ಬಂದಾಗ ಬಣ್ಣ ಹೆಚ್ಚು ಸ್ಪಷ್ಟವಾಯಿತು, ಮಿನುಗು ಸ್ಥಿರವಾಯಿತು. ಇದು ಬರಿಯ ಅನುಕೂಲದ ಬದಲಾವಣೆಯಾಗಿರದೆ, ಚಿತ್ರದ ಅರ್ಥವನ್ನೇ ತುಸು ಸರಿಸಿದ ಬದಲಾವಣೆಯೆಂದು ವಿಮರ್ಶಕ ಗುರುತಿಸಬೇಕು.

ನೆರಳಿನ ಕಲೆಯನ್ನು ಸಿನಿಮಾಕ್ಕೆ ಅಳವಡಿಸಿದ ಜರ್ಮನಿಯ ಲೋಟೆ ರೈನಿಗರ್ ಅವರ ಉದಾಹರಣೆ ಇಲ್ಲಿ ಉಪಯುಕ್ತ. ೧೯೨೬ರ ಅವರ ‘ಪ್ರಿನ್ಸ್ ಅಹ್ಮದ್’ ಚಿತ್ರ ಇಂದು ಉಳಿದಿರುವ ಪೂರ್ಣಾವಧಿಯ ಸಜೀವಚಿತ್ರಗಳಲ್ಲಿ ಅತ್ಯಂತ ಹಳೆಯದು. ಕಪ್ಪು ರಟ್ಟನ್ನು ಕತ್ತರಿಸಿ, ಕೀಲುಗಳನ್ನು ತಂತಿಯಿಂದ ಜೋಡಿಸಿ, ಕೆಳಗಿನಿಂದ ಬೆಳಕು ಬಿಟ್ಟ ಗಾಜಿನ ಮೇಲೆ ಇಟ್ಟು, ಚೌಕಟ್ಟು ಚೌಕಟ್ಟಾಗಿ ಅವರು ಚಿತ್ರೀಕರಿಸಿದರು. ರೈನಿಗರ್ ಅವರ ಆಕೃತಿಗಳಲ್ಲಿ ಅಂಚೇ ಎಲ್ಲವೂ. ಮೈಯ ಒಳಗೆ ಕತ್ತಲೆ. ನಮ್ಮ ಗೊಂಬೆಯಲ್ಲಿ ಅಂಚಿನಷ್ಟೇ ಒಳಮೈಯೂ ಮಾತಾಡುತ್ತದೆ. ಗೊಂಬೆಯಾಟವನ್ನು ‘ಸಿನಿಮಾದ ಪೂರ್ವರೂಪ’ ಎಂದು ಹೊಗಳುವುದು ನಮ್ಮ ಸಭೆಗಳಲ್ಲಿ ರೂಢಿ. ಸಿನಿಮಾದ ಬೆಳಕು ಪರದೆಗೆ ಬಡಿದು ಹಿಂತಿರುಗಿ ನೋಡುಗನನ್ನು ಮುಟ್ಟುತ್ತದೆ. ಗೊಂಬೆಯ ಬೆಳಕು ಚಿತ್ರವನ್ನು ತೂರಿ ನೇರವಾಗಿ ನೋಡುಗನ ಕಡೆಗೆ ಬರುತ್ತದೆ. ಈ ವ್ಯತ್ಯಾಸವನ್ನು ಮರೆತರೆ ಹೊಗಳಿಕೆಯೂ ಒಂದು ಬಗೆಯ ಅವಜ್ಞೆಯಾಗುತ್ತದೆ. ಗೊಂಬೆಯಾಟ ಯಾವುದರ ಪೂರ್ವರೂಪವೂ ಅಲ್ಲದ ಒಂದು ಸಂಪೂರ್ಣ ಕಲೆ.

ಕಥೆಯನ್ನು ಚಿತ್ರಗಳ ಸಾಲಾಗಿ ಹೇಳುವ ಬಗೆ ಈ ನೆಲಕ್ಕೆ ಹೊಸತೇನಲ್ಲ. ಹಂಪಿಯಲ್ಲಿ ಹದಿನೈದನೆಯ ಶತಮಾನದ ಆದಿಭಾಗದ ಹಜಾರರಾಮ ದೇವಾಲಯದ ಗೋಡೆಗಳ ಮೇಲೆ ರಾಮಾಯಣ ಸಾಲುಸಾಲಾಗಿ ಸಾಗುತ್ತದೆ. ಪ್ರದಕ್ಷಿಣೆ ಬರುವವನ ನಡಿಗೆಯೇ ಆ ಕಥೆಯನ್ನು ಮುಂದಕ್ಕೆ ನಡೆಸುತ್ತದೆ. ವಿರೂಪಾಕ್ಷ ದೇವಾಲಯಕ್ಕೆ ಕೃಷ್ಣದೇವರಾಯ ೧೫೧೦ರಲ್ಲಿ ಸೇರಿಸಿದ ರಂಗಮಂಟಪದ ಚಾವಣಿಯಲ್ಲಿ ಗಿರಿಜಾ ಕಲ್ಯಾಣ, ಮತ್ಸ್ಯಯಂತ್ರ ಭೇದನ, ತ್ರಿಪುರಸಂಹಾರ, ವಿದ್ಯಾರಣ್ಯರ ಮೆರವಣಿಗೆ ಮುಂತಾದ ಚಿತ್ರಗಳಿವೆ. ಈಗ ಕಾಣುವ ಬಣ್ಣದ ಕೆಲಸದ ಕಾಲದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆಯಾದರೂ, ಪಾರ್ಶ್ವಮುಖ, ದೊಡ್ಡ ಕಣ್ಣು, ಗಟ್ಟಿ ಹೊರಗೆರೆ, ಬಟ್ಟೆಯ ವಿನ್ಯಾಸದ ಸಂಭ್ರಮ ಈ ಗುಣಗಳು ಚಾವಣಿಗೂ ಗೊಂಬೆಗೂ ಸಮಾನ. ಗೋಡೆಯಲ್ಲಿ ಚಿತ್ರ ನಿಂತಿತ್ತು, ಜನ ನಡೆಯುತ್ತಿದ್ದರು. ಪರದೆಯ ಮುಂದೆ ಜನ ಕೂತರು, ಚಿತ್ರ ನಡೆಯಿತು. ಆದ್ದರಿಂದ ಸಿನಿಮಾದ ಪರದೆ ಊರಿಗೆ ಬಂದಾಗ ಗೊಂಬೆಯ ಚಿತ್ರಕಾರ ಅದನ್ನು ಬೆರಗಿನಿಂದ ಮಾತ್ರ ನೋಡಿರಲಾರ, ಕಸುಬುದಾರನ ಕಣ್ಣಿನಿಂದಲೂ ನೋಡಿರಬೇಕು.

೪. ಹಾಡು, ವಿಸ್ತಾರ ಮತ್ತು ಕೀಲು

ಗೊಂಬೆಯಾಟದಲ್ಲಿ ಸಂಗೀತ ಚಿತ್ರಕ್ಕೆ ಹಿನ್ನೆಲೆಯಾಗಿ ನಿಲ್ಲುವುದಿಲ್ಲ. ಚಿತ್ರದ ಆಕಾರವನ್ನೇ ಅದು ನಿರ್ಧರಿಸುತ್ತದೆ ಎಂಬುದು ನನ್ನ ವಾದ. ಕರ್ನಾಟಕದ ತೊಗಲುಗೊಂಬೆಗಳಲ್ಲಿ ಎರಡು ಬಗೆಯನ್ನು ಕಾಣುತ್ತೇವೆ. ಒಂದು, ಒಬ್ಬನೇ ಪಾತ್ರಧಾರಿಯ ಗೊಂಬೆ. ಇನ್ನೊಂದು, ಇಡೀ ದೃಶ್ಯವೇ ಒಂದು ತೊಗಲಿನಲ್ಲಿ ಅಡಕವಾದ ಗೊಂಬೆ. ರಾವಣನ ಒಡ್ಡೋಲಗ, ರಾಮಪಟ್ಟಾಭಿಷೇಕ, ಗೋಪಿಯರ ನಡುವಿನ ಕೃಷ್ಣ ಇಂಥವು ಎರಡನೆಯ ಬಗೆಗೆ ಸೇರುತ್ತವೆ. ಇವುಗಳಿಗೆ ಕೀಲಿಲ್ಲ, ಚಲನೆಯಿಲ್ಲ. ಚಲಿಸುವ ಕಲೆಯಲ್ಲಿ ಚಲಿಸದ ಚಿತ್ರವೇಕೆ? ಉತ್ತರ ಹಾಡಿನಲ್ಲಿದೆ. ಒಡ್ಡೋಲಗದ ಹಾಡು ದೀರ್ಘ; ಮುಖವೀಣೆಯೋ ಹಾರ್ಮೋನಿಯಮ್ಮೋ ಸ್ವರ ಹಿಡಿದು, ಮದ್ದಳೆ ತಾಳಗಳು ಜೊತೆಗೂಡಿ, ಭಾಗವತ ವರ್ಣಿಸುತ್ತಾ ಹೋಗುವಾಗ ನೋಡುಗನ ಕಣ್ಣು ಆ ಒಂದೇ ಚಿತ್ರದಲ್ಲಿ ಅಲೆಯಬೇಕು. ಕಂಬದ ಗಿಳಿ, ಚಾಮರದ ಹೆಣ್ಣು, ಮಂತ್ರಿಯ ಮೀಸೆ, ಪೀಠದ ಸಿಂಹ ಎಂದು ಒಂದೊಂದಾಗಿ ಕಣ್ಣಿಗೆ ಬೀಳುವಷ್ಟು ವಿವರ ಅಲ್ಲಿರಬೇಕು. ಹಾಡು ಎಷ್ಟು ಉದ್ದವೋ ಚಿತ್ರ ಅಷ್ಟು ದಟ್ಟ. ಯುದ್ಧದ ಗೊಂಬೆಯ ಪರದೆವಾಸ ಕ್ಷಣಿಕ. ಅಲ್ಲಿ ವಿವರಕ್ಕಿಂತ ನಿಲುವು ಮುಖ್ಯ.

ಕೀಲುಗಳ ವಿಷಯ ಇನ್ನೂ ಕುತೂಹಲಕರವಾಗಿದೆ. ದೇವತೆಗಳಿಗೆ, ರಾಜರಿಗೆ ಕೀಲು ಕಡಿಮೆ. ಹಲವು ಗೊಂಬೆಗಳಲ್ಲಿ ಒಂದು ಕೈ ಮಾತ್ರ ಆಡುತ್ತದೆ. ಗೊಂಬೆಯ ಗಾತ್ರವೂ ಪಾತ್ರದ ಅಂತಸ್ತಿಗೆ ತಕ್ಕಂತೆ ಹಿರಿದು ಕಿರಿದಾಗುತ್ತದೆ. ಎಲ್ಲರಿಗಿಂತ ಹೆಚ್ಚು ಕೀಲು ಇರುವುದು ಆಟದ ಕೋಡಂಗಿ ಕಿಳ್ಳೇಕ್ಯಾತನಿಗೆ ಮತ್ತು ಅವನ ಹೆಂಡತಿ ಬಂಗಾರಕ್ಕನಿಗೆ. ಕೊರಳು, ಸೊಂಟ, ಮೊಳಕೈ, ಮೊಣಕಾಲು ಎಲ್ಲವೂ ಕುಣಿಯುತ್ತವೆ. ರಾಮ ಹೇಳುವ ಮಾತು ಪರಂಪರೆಯಿಂದ ಬಂದದ್ದು, ನಿಶ್ಚಿತ. ಕಿಳ್ಳೇಕ್ಯಾತ ಆಡುವ ಮಾತು ಆ ರಾತ್ರಿಯದು. ಊರಗೌಡನ ಜಿಪುಣತನ, ಶಾನುಭೋಗನ ಲೆಕ್ಕ, ಮುಂದಿನ ಸಾಲಿನಲ್ಲಿ ನಿದ್ದೆಹೋದವನ ಗೊರಕೆ ಎಲ್ಲವೂ ಅವನ ಬಾಯಿಗೆ ಬರುತ್ತವೆ. ಯಾವ ಪಾತ್ರಕ್ಕೆ ಆಶುತನದ ಸ್ವಾತಂತ್ರ್ಯವಿದೆಯೋ ಆ ಪಾತ್ರಕ್ಕೆ ಚಿತ್ರಕಾರ ಹೆಚ್ಚು ಕೀಲು ಕೊಟ್ಟಿದ್ದಾನೆ. ಕೀಲುಗಳ ಲೆಕ್ಕ ಹಿಡಿದು ಮಾತಿನ ಸ್ವಾತಂತ್ರ್ಯವನ್ನು ಅಳೆಯಬಹುದು.

ಜಾಝ್ ಸಂಗೀತದೊಡನೆ ಹೋಲಿಕೆ ಅರ್ಥಪೂರ್ಣವಾಗುವುದು ಈ ಹಂತದಲ್ಲಿ. ಅಮೆರಿಕದ ಕಪ್ಪು ಜನರ ಬದುಕಿನಿಂದ ಹುಟ್ಟಿದ ಆ ಸಂಗೀತದಲ್ಲಿ ಎಲ್ಲ ವಾದಕರಿಗೂ ತಿಳಿದ ಒಂದು ಮೂಲ ರಾಗಧಾಟಿ ಮತ್ತು ಸ್ವರಮೇಳಗಳ ಒಂದು ಗೊತ್ತಾದ ಅನುಕ್ರಮ ಇರುತ್ತವೆ. ಸರದಿ ಬಂದಾಗ ಒಬ್ಬೊಬ್ಬ ವಾದಕ ಅದರ ಮೇಲೆ ಆ ಕ್ಷಣದ ವಿಸ್ತಾರವನ್ನು ಕಟ್ಟುತ್ತಾನೆ. ನಮ್ಮ ಮೇಳದಲ್ಲಿಯೂ ಕಥೆ ಎಲ್ಲರಿಗೂ ಗೊತ್ತು, ವಿಸ್ತಾರ ಮಾತ್ರ ಆ ರಾತ್ರಿಯದು. ಆದರೆ ಒಂದು ಭೇದವುಂಟು. ಜಾಝನ್ನು ಕೇಳಿ ಬರೆದ ಮಾಂಡ್ರಿಯನ್ನನ ಚಿತ್ರ ಸಂಗೀತ ಮುಗಿದ ಮೇಲೆ ಗೋಡೆಯಲ್ಲಿ ಒಂಟಿಯಾಗಿ ನಿಲ್ಲುತ್ತದೆ. ಗೊಂಬೆಯ ಚಿತ್ರ ಸಂಗೀತದೊಳಗೇ ಒಂದು ವಾದ್ಯವಾಗಿ ಇರುತ್ತದೆ. ಮಾತೀಸ್ ತನ್ನ ಸಂಪುಟಕ್ಕೆ ಮೊದಲು ಯೋಚಿಸಿದ್ದ ಹೆಸರು ‘ಸರ್ಕಸ್’. ಕತ್ತರಿಸಿದ ಆಕೃತಿಗಳ ಲಯ ಮತ್ತು ಆಶುತನವನ್ನು ಹೇಳಲು ‘ಜಾಝ್’ ಎಂಬ ಹೆಸರು ಹೊಂದಿಬಂತು. ತೊಗಲನ್ನು ಕತ್ತರಿಸುವವನಿಗೆ ಇಂಥ ಹೆಸರಿನ ಅಗತ್ಯ ಬೀಳಲಿಲ್ಲ. ಸಂಗೀತ ಅವನ ಮಗ್ಗುಲಲ್ಲೇ ಕೂತಿತ್ತು, ಬಹುಮಟ್ಟಿಗೆ ಅವನ ಮನೆಯ ಹೆಣ್ಣುಮಗಳ ಕೊರಳಾಗಿ.

ಹೋಲಿಕೆಯನ್ನು ದಾಟಿ ನಿಜವಾದ ಸಂಪರ್ಕದ ಸಾಧ್ಯತೆಯೂ ಇದೆ. ಮುಂಬಯಿಯ ಚಿತ್ರಸಂಗೀತದ ವಾದ್ಯಮೇಳಗಳಲ್ಲಿ ೧೯೪೦-೫೦ರ ದಶಕಗಳಲ್ಲಿ ಗೋವಾದ ಜಾಝ್ ವಾದಕರು ತುಂಬಿದ್ದರು. ಸಿ. ರಾಮಚಂದ್ರ ಸಂಗೀತದ ‘ಅಲ್ಬೇಲಾ’ (೧೯೫೧) ಚಿತ್ರದಲ್ಲಿ ತುತ್ತೂರಿವಾದಕ ಚಿಕ್ ಚಾಕೊಲೇಟ್ ತನ್ನ ತಂಡದೊಡನೆ ಪರದೆಯ ಮೇಲೂ ಕಾಣಿಸಿಕೊಂಡ. ಆ ಬಗೆಯ ಕುಣಿತದ ಲಯ ಚಿತ್ರಗೀತೆಗಳ ಮೂಲಕ ಊರೂರಿಗೆ ಹರಡಿತು. ಗೊಂಬೆಯಾಟದ ಹಾಸ್ಯಭಾಗದಲ್ಲಿ ಚಿತ್ರಗೀತೆಗಳ ಮಟ್ಟು ಸೇರಿಕೊಂಡದ್ದು ಕ್ಷೇತ್ರಕಾರ್ಯ ಮಾಡಿದವರಿಗೆಲ್ಲ ಪರಿಚಿತ ಸಂಗತಿ. ಈ ದಾರಿಯಾಗಿ ದೂರದ ಜಾಝಿನ ಒಂದು ಹನಿ ಬಂಗಾರಕ್ಕನ ಸೊಂಟದ ಕೀಲಿಗೆ ಬಂದು ತಲಪಿರುವುದು ಅಸಂಭವವೇನಲ್ಲ. ಹಾಡು ಸೇರಿದ ಜಾಗವನ್ನು ಗಮನಿಸಬೇಕು. ಅದು ಸೀತೆಯ ಶೋಕಕ್ಕೆ ಸೇರಲಿಲ್ಲ, ಬಂಗಾರಕ್ಕನ ಕುಣಿತಕ್ಕೆ ಸೇರಿತು. ಮೊದಲೇ ಸಡಿಲಾಗಿದ್ದ ಕೀಲಿನಲ್ಲಿ ಹೊಸತು ಕೂತಿತು. ಇದು ವಿವೇಕವಿಲ್ಲದ ಕಲಬೆರಕೆಯ ಲಕ್ಷಣವಲ್ಲ.

೫. ಸಿನಿಮಾದಿಂದ ಬಂದದ್ದು: ದಕ್ಕಿದ್ದು ಮತ್ತು ದಕ್ಕದ್ದು

ಸಿನಿಮಾ ಗೊಂಬೆಯಾಟದ ಮೇಲೆ ಪ್ರಭಾವ ಬೀರಿತು ಎನ್ನುವಾಗ ಸಿನಿಮಾ ತನ್ನ ಚಿತ್ರಗಳನ್ನು ಎಲ್ಲಿಂದ ತಂದಿತು ಎಂಬುದನ್ನೂ ಕೇಳಬೇಕು. ದಾದಾಸಾಹೇಬ್ ಫಾಲ್ಕೆ ‘ರಾಜಾ ಹರಿಶ್ಚಂದ್ರ’ (೧೯೧೩) ತೆಗೆಯುವ ಮುನ್ನ ರವಿವರ್ಮ ಮುದ್ರಣಾಲಯಕ್ಕಾಗಿ ಅಚ್ಚಿನ ಪಡಿಯಚ್ಚುಗಳ ಕೆಲಸ ಮಾಡಿದ್ದವರು. ರವಿವರ್ಮನ ದೇವತೆಗಳು ಅಚ್ಚಿನ ಮೂಲಕ ಮನೆಯ ಗೋಡೆಗೆ, ಕಂಪನಿ ನಾಟಕದ ಪರದೆಗೆ, ಅಲ್ಲಿಂದ ಪೌರಾಣಿಕ ಚಿತ್ರಗಳಿಗೆ ಬಂದರು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (೧೯೩೪) ಇಂದ್ರಜಿತುವಿನ ಮಡದಿಯ ಕಥೆ. ರಂಗಭೂಮಿಯಲ್ಲಿ ಪಳಗಿದ ಸುಬ್ಬಯ್ಯನಾಯ್ಡು, ಆರ್. ನಾಗೇಂದ್ರರಾಯರು ಅದರಲ್ಲಿ ಅಭಿನಯಿಸಿದರು. ಆ ಚಿತ್ರದ ಪ್ರತಿ ಇಂದು ಉಳಿದಿಲ್ಲ. ಅದರ ವಸ್ತುವಾದ ರಾಮಾಯಣದ ಯುದ್ಧಪ್ರಸಂಗಗಳು ಪರದೆಯ ಹಿಂದಿನ ದೀಪದಲ್ಲಿ ಉಳಿದಿವೆ. ಮುಂದೆ ‘ಬೇಡರ ಕಣ್ಣಪ್ಪ’ (೧೯೫೪), ತೆಲುಗಿನ ‘ಮಾಯಾಬಜಾರ್’ (೧೯೫೭), ‘ಬಭ್ರುವಾಹನ’ (೧೯೭೭) ಮುಂತಾದ ಚಿತ್ರಗಳು ಪೌರಾಣಿಕ ನಾಯಕನ ಒಂದು ಜನಪ್ರಿಯ ರೂಪವನ್ನು ನೆಲೆಗೊಳಿಸಿದವು. ಕಥೆ, ಚಿತ್ರ, ನಟ ಇವು ರಂಗಭೂಮಿ, ಅಚ್ಚು, ಸಿನಿಮಾಗಳ ನಡುವೆ ಸುತ್ತುತ್ತಲೇ ಇದ್ದಾಗ ಗೊಂಬೆಯ ಚಿತ್ರಕಾರನೊಬ್ಬನನ್ನು ಮಾತ್ರ ಈ ವರ್ತುಲದ ಹೊರಗಿರಬೇಕಿತ್ತು ಎನ್ನುವುದು ನ್ಯಾಯವಲ್ಲ.

ಹಾಗೆಂದು ಬಂದದ್ದೆಲ್ಲವೂ ಒಳ್ಳೆಯದಾಯಿತು ಎನ್ನಲಾಗದು. ಇಲ್ಲಿ ಎರಡು ಉದಾಹರಣೆಗಳನ್ನು ಪರೀಕ್ಷಿಸಬಹುದು.

ಮೊದಲನೆಯದು ಮುಖದ ದಿಕ್ಕು. ಗೊಂಬೆಯಾಟದಲ್ಲಿ ಕಥೆಯ ಪಾತ್ರಗಳು ಬಹುಮಟ್ಟಿಗೆ ಪಾರ್ಶ್ವಮುಖದಲ್ಲಿ ಇರುತ್ತವೆ. ಇಬ್ಬರು ಮಾತಾಡಬೇಕಾದರೆ ಒಬ್ಬರನ್ನೊಬ್ಬರು ನೋಡಬೇಕಷ್ಟೆ. ಎದುರುಮುಖ ಸಲ್ಲುವುದು ಪೂಜೆಯ ನೆಲೆಯಲ್ಲಿ. ಇದೇ ಸೀಮೆಯ ಕುಮಾರರಾಮನ ಆರಾಧನೆಯಲ್ಲಿ ಬಣ್ಣ ಬಳಿದ ಮರದ ರುಂಡ ಭಕ್ತನನ್ನು ನೇರವಾಗಿ ದಿಟ್ಟಿಸುತ್ತದೆ. ಕಂಪಿಲರಾಯನ ಮಗನಾದ, ಕಂಪ್ಲಿಯ ನೆನಪಿನೊಡನೆ ಬೆಸೆದುಕೊಂಡ ಆ ವೀರ ದೊಡ್ಡಾಟದಲ್ಲಿ ಕಥೆಯ ನಾಯಕ, ರುಂಡದಲ್ಲಿ ದೈವ. ಎದುರುಮುಖಕ್ಕೂ ಪಾರ್ಶ್ವಮುಖಕ್ಕೂ ನಡುವೆ ಜನಪದ ಚಿತ್ರಕಾರ ಇಂಥದೊಂದು ಗೆರೆ ಎಳೆದಿದ್ದ. ಸಿನಿಮಾ ಈ ಗೆರೆಯನ್ನು ಅಳಿಸಿತು. ಪೌರಾಣಿಕ ಚಿತ್ರಗಳಲ್ಲಿ ನಾಯಕ ಕಥೆಯ ನಡುವೆಯೇ ತಿರುಗಿ ಪ್ರೇಕ್ಷಕನಿಗೆ ದರ್ಶನ ಕೊಡುತ್ತಾನೆ. ಭಾರತೀಯ ಸಿನಿಮಾದ ಈ ಎದುರುಮುಖತೆಯನ್ನು ಗೀತಾ ಕಪೂರ್ ಅವರಂಥ ಕಲಾವಿಮರ್ಶಕರು ಚರ್ಚಿಸಿದ್ದಾರೆ. ಸಿನಿಮಾದ ನಾಯಕನನ್ನು ಹಾಗೆಯೇ ತೊಗಲಿಗೆ ಇಳಿಸಿದಾಗ, ಅವನು ಎದುರಿನ ಪಾತ್ರದೊಡನೆ ಮಾತಾಡುತ್ತಿದ್ದರೂ ನಮ್ಮನ್ನೇ ನೋಡುತ್ತಾನೆ. ಸಂಭಾಷಣೆ ಮುರಿಯುತ್ತದೆ. ಆದರೆ ಅದೇ ಎದುರುಮುಖವನ್ನು ಪಟ್ಟಾಭಿಷೇಕದ ದೃಶ್ಯಕ್ಕೆ, ಆಟದ ಕೊನೆಯ ಮಂಗಳಕ್ಕೆ ಬಳಸಿದರೆ ಹಳೆಯ ಗೆರೆಯ ಒಳಗೇ ಹೊಸ ಅಂದ ಕೂಡುತ್ತದೆ.

ಎರಡನೆಯದು ಛಾಯೆ. ಕ್ಯಾಲೆಂಡರಿನ, ಸಿನಿಮಾ ಪೋಸ್ಟರಿನ ಮುಖದಲ್ಲಿ ಕೆನ್ನೆಯ ಉಬ್ಬು, ಗಲ್ಲದ ತಗ್ಗು ಛಾಯೆಯಿಂದ ಮೂಡುತ್ತವೆ. ತೊಗಲಿನ ಮೇಲೆ ಈ ಛಾಯೆಯನ್ನು ತರಲು ಬಣ್ಣದ ಮೇಲೆ ಬ಼ಣ್ಣ ಹೇರಬೇಕು. ಹಗಲಲ್ಲಿ ಕೈಗೆತ್ತಿಕೊಂಡಾಗ ಮುಖ ತುಂಬಿಕೊಂಡಂತೆ ಕಾಣುತ್ತದೆ, ರಾತ್ರಿ ದೀಪದ ಮುಂದೆ ಕೆನ್ನೆಗೆ ಮಸಿ ಮೆತ್ತಿದಂತಾಗುತ್ತದೆ. ಇಲ್ಲಿ ಸೋತದ್ದು ಸಿನಿಮಾದ ಸಹವಾಸದಿಂದಲ್ಲ. ಬೆಳಕಿನ ವ್ಯಾಕರಣವನ್ನು ಮೀರಿದ್ದರಿಂದ. ಸಿನಿಮಾದಿಂದಲೇ ಬಂದ ಕಿರೀಟದ ಎತ್ತರ, ಭುಜಕೀರ್ತಿಯ ಹರವು, ಸೀರೆಯ ಜರಿಯಂಚು ರಂಧ್ರಗಳಾಗಿ ಬದಲಾದ ಕಡೆ ಗೊಂಬೆ ಕಳೆಗಟ್ಟಿದೆ.

ಬಳ್ಳಾರಿಯ ಬೆಳಗಲ್ಲು ವೀರಣ್ಣನವರ ಕೆಲಸವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ೨೦೨೩ರಲ್ಲಿ ಅಪಘಾತದಲ್ಲಿ ತೀರಿಕೊಂಡ ವೀರಣ್ಣನವರು ರಂಗಭೂಮಿಯಿಂದ ಗೊಂಬೆಯಾಟಕ್ಕೆ ಬಂದವರು. ಗಾಂಧೀಜಿಯ ಬದುಕನ್ನು, ಸ್ವಾತಂತ್ರ್ಯ ಹೋರಾಟವನ್ನು ಅವರು ಪರದೆಗೆ ತಂದರು. ಕಿರೀಟವಿಲ್ಲದ, ಒಡವೆಯಿಲ್ಲದ, ಅರೆಬೆತ್ತಲೆಯ ಗಾಂಧಿ ಗೊಂಬೆಯ ಚಿತ್ರಕಾರನಿಗೆ ಒಡ್ಡಿದ ಸವಾಲು ದೊಡ್ಡದು. ರಂಧ್ರ ಹೊಡೆಯಲು ಮೈಮೇಲೆ ಏನೂ ಇಲ್ಲ. ಛಾಯಾಚಿತ್ರ, ವಾರ್ತಾಚಿತ್ರಗಳಿಂದ ಎಲ್ಲರಿಗೂ ಗುರುತಿರುವ ಮುಖ ಬೇರೆ. ಇಂಥಲ್ಲಿ ಗೊಂಬೆಯನ್ನು ಕಾಯುವುದು ಹೊರಗೆರೆ: ಬಾಗಿದ ಬೆನ್ನು, ಕೋಲು, ಮುಂದಿಟ್ಟ ಹೆಜ್ಜೆ. ಗೊಂಬೆಯ ಮೂಲಶಕ್ತಿ ಒಡವೆಯಲ್ಲಿ ಮಾತ್ರವಿಲ್ಲ, ನಿಲುವಿನಲ್ಲಿಯೂ ಇದೆ ಎಂಬುದನ್ನು ಈ ಪ್ರಯೋಗ ತೋರಿಸಿತು. ಪರಂಪರೆಗೆ ಹೊರಗಿನ ವಸ್ತು ಬಂದಾಗಲೇ ಪರಂಪರೆಯ ಒಳಗಿನ ಬಲ ಕಾಣಿಸಿದ್ದಕ್ಕೆ ಇದು ಉತ್ತಮ ನಿದರ್ಶನ.

ಹೀಗೆ ನಾವು ಹುಡುಕುತ್ತಿದ್ದ ಅಳತೆಗೋಲು ಸ್ಪಷ್ಟವಾಗುತ್ತದೆ. ಚಿತ್ರಕಾರ ಎಲ್ಲಿಂದ ತಂದ ಎಂಬುದು ವಿಮರ್ಶೆಯ ಮೊದಲ ಪ್ರಶ್ನೆಯಾಗಬಾರದು. ತಂದದ್ದು ಅವನ ಮಾಧ್ಯಮದ ಗುಣವಾಗಿ ಬದಲಾಯಿತೇ ಎಂಬುದು ಪ್ರಶ್ನೆಯಾಗಬೇಕು. ಬೂಗಿವೂಗಿ ಚೌಕಗಳ ಮಿಡಿತವಾದಾಗ ಮಾಂಡ್ರಿಯನ್ ಗೆದ್ದ. ಸಿನಿಮಾದ ಜರಿ ತೊಗಲಿನ ರಂಧ್ರವಾದಾಗ ಕಿಳ್ಳೇಕ್ಯಾತ ಚಿತ್ರಕಾರನೂ ಗೆದ್ದ. ಛಾಯೆ ಮಸಿಯಾದಲ್ಲಿ ಸೋತ. ಸೋಲನ್ನು ಸೋಲೆಂದು ಹೇಳುವುದು ಅವನಿಗೆ ಅಗೌರವವಲ್ಲ. ಕಲಾವಿದನೆಂದು ಒಪ್ಪಿದ ಮೇಲೆ ಸಲ್ಲಬೇಕಾದ ಗೌರವವೇ ಅದು.

೬. ಗೋಡೆ, ಪೆಟ್ಟಿಗೆ ಮತ್ತು ಹೊಳೆ

ಇಂದು ತೊಗಲುಗೊಂಬೆ ಆಟದ ಪರದೆಗಿಂತ ಹೆಚ್ಚಾಗಿ ಕಾಣಸಿಗುವುದು ಸಂಗ್ರಹಾಲಯದ ಗಾಜಿನ ಹಿಂದೆ ಮತ್ತು ಮನೆಗಳ ಗೋಡೆಯ ಮೇಲೆ. ಹಳೆಯ ಗೊಂಬೆಗಳು ಪ್ರಾಚೀನ ವಸ್ತುಗಳಾಗಿ ಮಾರಾಟವಾಗಿವೆ; ಹೊಸ ತೊಗಲು ದೀಪದ ಮುಸುಕಾಗಿ, ಗೋಡೆಯ ಅಲಂಕಾರವಾಗಿ ಹೋಗುತ್ತದೆ. ಬದುಕಿಗೆ ದಾರಿಯಾಗುವ ಈ ಮಾರಾಟವನ್ನು ಹೊಟ್ಟೆ ತುಂಬಿದವರು ಟೀಕಿಸುವುದು ಸಲ್ಲದು. ಆದರೆ ವಿಮರ್ಶಕ ಇಷ್ಟನ್ನು ಹೇಳಲೇಬೇಕು: ಮುಂದಿನಿಂದ ಬೆಳಕು ಬಿದ್ದ ಗೊಂಬೆಯಲ್ಲಿ ಒಡವೆಗಳೆಲ್ಲ ಬರಿಯ ತೂತುಗಳು.

ಸಂಡೂರಿನ ಲಂಬಾಣಿ ಕಸೂತಿಯಲ್ಲಿಯೂ ಇದೇ ಪ್ರಶ್ನೆಯ ಇನ್ನೊಂದು ಮುಖವಿದೆ. ಆ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತು, ಸಂಡೂರು ಕುಶಲ ಕಲಾ ಕೇಂದ್ರದ ಮೂಲಕ ಹೆಣ್ಣುಮಕ್ಕಳ ಕೈಗೆ ಕೆಲಸವೂ ಊರಿಗೆ ಹೆಸರೂ ಬಂದವು. ಬಟ್ಟೆಗೆ ಹೊಲಿದ ಕನ್ನಡಿಚೂರುಗಳು ಮೂಲತಃ ಕುಣಿಯುವ ಮೈಗಾಗಿ ಇದ್ದವು. ಮೈ ತಿರುಗಿದಾಗ ಬಿಸಿಲನ್ನು ಎಸೆಯುವುದೇ ಅವುಗಳ ಚೆಲುವು. ಚೌಕಟ್ಟಿನಲ್ಲಿ ಅವು ಸುಮ್ಮನಾಗುತ್ತವೆ. ಕಸೂತಿಯಾದರೋ ಉಡುವ ವಸ್ತುವಾಗಿಯೇ ಮಾರಾಟವಾಗಬಲ್ಲದು, ಮತ್ತೆ ಯಾರದೋ ಮೈಮೇಲೆ ಚಲಿಸಬಲ್ಲದು. ಪರದೆ, ದೀಪ, ಹಾಡು ಕಳೆದುಕೊಂಡ ಗೊಂಬೆಗೆ ಆ ಅವಕಾಶವಿಲ್ಲ.

ಸಮುದಾಯದ ನಂಬಿಕೆ ಈ ವಿಷಯದಲ್ಲಿ ನಮಗಿಂತ ಮುಂದಿದೆ. ಪೆಟ್ಟಿಗೆಯಲ್ಲಿ ಗೊಂಬೆಗಳನ್ನು ಜೋಡಿಸುವಾಗ ರಾಮ ರಾವಣರನ್ನು ಒಂದರ ಮೇಲೊಂದು ಇಡುವುದಿಲ್ಲ. ಆಟಕ್ಕೆ ಬಾರದಷ್ಟು ಹಳತಾದ ಗೊಂಬೆಯನ್ನು ಸತ್ತವರಿಗೆ ಸಲ್ಲುವ ಮರ್ಯಾದೆಯೊಡನೆ ಹೊಳೆಗೆ ಬಿಡುವ ಪದ್ಧತಿಯಿದೆ. ಗೊಂಬೆಗೆ ಆಯುಸ್ಸಿದೆ, ಅದು ಮುಗಿದ ಮೇಲೆ ಹೊಸ ಗೊಂಬೆ ಹುಟ್ಟಬೇಕು. ಆಗ ತಂದೆ ಮಗನಿಗೆ ಉಳಿ ಹಿಡಿಯುವುದನ್ನು ಕಲಿಸಲೇಬೇಕಾಗುತ್ತದೆ. ಹಳೆಯದನ್ನು ಕಾಯ್ದಿಟ್ಟು ಹೊಸತನ್ನು ಬರೆಯಿಸದಿದ್ದರೆ ನಮ್ಮ ಬಳಿ ಗೊಂಬೆಗಳಿರುತ್ತವೆ, ಚಿತ್ರಕಾರರಿರುವುದಿಲ್ಲ. ಈ ಪ್ರಬಂಧದಲ್ಲಿ ಪಣಕ್ಕೆ ಬಿದ್ದಿರುವ ಸಂಗತಿ ಇದು.

೭. ಉಪಸಂಹಾರ

ಮೇಲಿನ ಚರ್ಚೆಯಿಂದ ಕೆಲವು ಕಾರ್ಯಗಳು ಹೊರಡುತ್ತವೆ. ಒಂದು, ಸಂಗ್ರಹಾಲಯಗಳು ಇನ್ನು ಮುಂದೆ ಪಡೆಯುವ ಪ್ರತಿ ಗೊಂಬೆಗೂ ಪಾತ್ರದ ಹೆಸರಿನೊಡನೆ ಬರೆದವರ ಹೆಸರನ್ನು, ಕನಿಷ್ಠ ಮನೆತನವನ್ನು ದಾಖಲಿಸಬೇಕು. ರಾವಣ ಯಾರೆಂದು ನಮಗೆ ಗೊತ್ತು. ರಾವಣನನ್ನು ಬರೆದವನು ಯಾರೆಂಬುದು ಗೊತ್ತಾಗಬೇಕು. ಎರಡು, ಗೊಂಬೆಗಳನ್ನು ಹಿಂಬೆಳಕಿನಲ್ಲಿ, ಆಯಾ ದೃಶ್ಯದ ಹಾಡಿನ ಧ್ವನಿಮುದ್ರಣದೊಡನೆ ಪ್ರದರ್ಶಿಸಬೇಕು. ಮೂರು, ಅಕಾಡೆಮಿ ಮತ್ತು ವಿಶ್ವವಿದ್ಯಾಲಯಗಳು ಪ್ರದರ್ಶನಕ್ಕೆ ಸಂಭಾವನೆ ಕೊಡುವಂತೆಯೇ ಹೊಸ ಗೊಂಬೆಗಳ ಪೂರ್ಣ ಕಟ್ಟನ್ನು ಬರೆಯಿಸಲು ಕುಟುಂಬಗಳಿಗೆ ನೆರವು ಕೊಡಬೇಕು. ವಸ್ತುವಿನ ಆಯ್ಕೆಯನ್ನು ಅವರಿಗೇ ಬಿಡಬೇಕು. ಆ ಕಟ್ಟಿನಲ್ಲಿ ರಾಮಾಯಣ ಬರಬಹುದು, ಸಿನಿಮಾದ ನಾಯಕ ಬರಬಹುದು, ತುತ್ತೂರಿ ಊದುವವನೂ ಬರಬಹುದು. ನಾಲ್ಕು, ಹೊಳೆಗೆ ಬಿಡುವ ಗೊಂಬೆಯ ವಿಷಯದಲ್ಲಿ ಕುಟುಂಬದ ಇಚ್ಛೆಯೇ ಅಂತಿಮವಾಗಬೇಕು. ಬಿಡುವ ಮೊದಲು ಅದರ ಎರಡೂ ಬದಿಯ ಚಿತ್ರವನ್ನು ದೀಪವಿಟ್ಟು ತೆಗೆದುಕೊಂಡರೆ ಅಧ್ಯಯನಕ್ಕೆ ಸಾಕು.

ಕೊನೆಯದಾಗಿ, ನಮ್ಮ ಬರವಣಿಗೆಯ ಪದಬಳಕೆ ಬದಲಾಗಬೇಕು. ಸಿನಿಮಾ ಮತ್ತು ಜಾಝಿನಿಂದ ಪಡೆದ ನಗರದ ಚಿತ್ರಕಾರನಿಗೆ ‘ಪ್ರೇರಣೆ’ ಎಂಬ ಮಾತು ಸಲ್ಲುವುದಾದರೆ, ತುಂಗಭದ್ರೆಯ ದಂಡೆಯಲ್ಲಿ ಮೇಕೆಯ ತೊಗಲಿನ ಮೇಲೆ ಬಂಗಾರಕ್ಕನ ಸೊಂಟಕ್ಕೆ ಹೊಸ ಕೀಲು ಹೊಲಿದವನಿಗೂ ಅದೇ ಮಾತು ಸಲ್ಲಬೇಕು. ಆಮೇಲೆ ಇಬ್ಬರ ಚಿತ್ರಗಳನ್ನೂ ಅವುಗಳಿಗೆ ತಕ್ಕ ಬೆಳಕಿನಲ್ಲಿ ಇಟ್ಟು, ಎಲ್ಲಿ ಗೆದ್ದಿವೆ, ಎಲ್ಲಿ ಸೋತಿವೆ ಎಂದು ನೋಡುವ ಕೆಲಸವನ್ನು ವಿಮರ್ಶೆ ಆರಂಭಿಸಬಹುದು.